ಏನೂ ಆಗದ ಸಂಗೀತ ಕೇಳಿದರೆ ನೆಮ್ಮದಿ ಹೇಗೆ?

"ಅದರಲ್ಲಿ ಏನೂ ಆಗೋದೇ ಇಲ್ವಲ್ಲ, ಕೇಳಿದ್ರೆ ಮನಸ್ಸಿಗೆ ನೆಮ್ಮದಿ ಹೇಗೆ ಸಿಗುತ್ತೆ?" ಡ್ರೋನ್, ಆಂಬಿಯೆಂಟ್ ಎಂದು ಕರೆಯುವ ನಿಧಾನ ಸಂಗೀತದ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ.

ಆಗುತ್ತದೆ. ತಂಬೂರಿಯನ್ನೇ ತಗೊಳ್ಳಿ. ನಾಲ್ಕು ತಂತಿ: ಪ, ಸಾ, ಸಾ, ಮಂದ್ರ (ಕೆಳಗಿನ) ಸಾ, ಇಷ್ಟೇ. ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ) ಮೇಲೆ ತಂತಿಯಡಿ ಸೇರಿಸಿದ ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ತಂತಿ ಝೇಂಕರಿಸತೊಡಗುತ್ತದೆ. ಶ್ರುತಿ ಚೆನ್ನಾಗಿ ಸೇರಿದ್ದರೆ ಮಂದ್ರದ ತಂತಿಯೊಳಗಿಂದ ಯಾರೂ ಮೀಟದ ಗಾಂಧಾರ, ಅಂದರೆ ಗ ಸ್ವರ, ಕೇಳಿಸುತ್ತದೆ. ಸುದ್ದಿ, ವಾಟ್ಸಾಪ್, ಮತ್ತೆ ಸುದ್ದಿ ಎಂದು ಮುಂದಿನದಕ್ಕೇ ಕಾದು ದಣಿದ ಕಿವಿಗೆ ಅದು ಸಿಗಲು ಹತ್ತು ಹದಿನೈದು ನಿಮಿಷ ಬೇಕು. ಹೆಚ್ಚಿನವರು ಮೂರನೇ ನಿಮಿಷಕ್ಕೇ ನಿಲ್ಲಿಸಿಬಿಡುತ್ತಾರೆ.

1975ರಲ್ಲಿ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ಅಪಘಾತವಾಗಿ ಹಾಸಿಗೆ ಹಿಡಿದಿದ್ದರು. ಹಾರ್ಪ್ ಸಂಗೀತದ ರೆಕಾರ್ಡ್ ಹಾಕಿ ಮಲಗಿದ ಮೇಲೆ ವಾಲ್ಯೂಮ್ ತೀರಾ ಕಡಿಮೆ ಎಂದು ತಿಳಿಯಿತು. ಎದ್ದು ಏರಿಸುವಷ್ಟು ತ್ರಾಣವಿರಲಿಲ್ಲ. ಹೊರಗೆ ಮಳೆ. ಅದರ ಸದ್ದಿನೊಳಗಿಂದ ಹಾರ್ಪಿನ ಸ್ವರ ಅಲ್ಲೊಂದು ಇಲ್ಲೊಂದು ಬರುತ್ತಿತ್ತು. ಸಂಗೀತವನ್ನು ಹೀಗೂ ಕೇಳಬಹುದು ಎಂದು ಅವರಿಗೆ ಹೊಳೆದದ್ದು ಆಗ.

ತೀರ್ಥಹಳ್ಳಿ, ಹೊಸನಗರದ ಕಡೆಯವರು ಆಷಾಢದಲ್ಲಿ ಮಳೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ತಗಡಿನ ಮಾಡಿನ ಕೆಳಗೆ ಮಾತ್ರ ಬೇಡ: ಜಡಿಮಳೆ ಎಲ್ಲವನ್ನೂ ನುಂಗುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ, ಅಲ್ಲಿಗೆ ಕೆಲಸ ಕೆಟ್ಟಿತು. ಹೆಂಚಿನ ಮನೆಯ ಜಗಲಿ ಒಳ್ಳೆಯದು. ಸೂರಿನ ನೀರು ಅಂಗಳಕ್ಕೆ ಬೀಳುವ ಸದ್ದೂ ಸಂಗೀತವೂ ಸಮಸಮ ಕೇಳುವಷ್ಟು ವಾಲ್ಯೂಮ್ ಇಡಿ. ಇಯರ್‌ಫೋನ್ ಹಾಕಿದರೆ ಮಳೆ ಹೋಯಿತು. ಮೊಬೈಲಿನ ಸ್ಪೀಕರ್ ಸಾಲದು. ಬಿಳಿ ಒಂದರ (ಹಾರ್ಮೋನಿಯಂನ ಮೊದಲ ಬಿಳಿ ಮನೆಯ ಶ್ರುತಿಯ) ಮಂದ್ರ ಷಡ್ಜ, ಅಂದರೆ ಕೆಳಗಿನ ಸಾ, ಸುಮಾರು 65 ಹರ್ಟ್ಸ್, ಅಷ್ಟು ಕೆಳಗಿನ ನಾದ ಅದರಿಂದ ಹೊರಡುವುದೇ ಇಲ್ಲ.

ರೂಢಿಯಾದ ಮೇಲೆ ಇಂಥ ಸಂಗೀತವನ್ನು ನೀವೇ ಮಾಡಿ. ಕಂಪ್ಯೂಟರಿನಲ್ಲಿ ಧ್ವನಿ ರೆಕಾರ್ಡ್ ಮಾಡಿ ತಿದ್ದಲು ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಸಾಕು. ಹಾರ್ಮೋನಿಯಂನ ಷಡ್ಜ, ಪಂಚಮ (ಪ), ಮೇಲಿನ ಷಡ್ಜ, ಒಂದೊಂದನ್ನೂ ಏಳೆಂಟು ಸೆಕೆಂಡ್ ಬೇರೆ ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿ. ಕೊನೆಗೆ ಮೌನ ಸೇರಿಸಿ 17, 23, 29 ಸೆಕೆಂಡಿನ ತುಂಡುಗಳಾಗಿಸಿ, ಮೂರನ್ನೂ ಮರುಕಳಿಸಲು ಬಿಡಿ. ಮೂರೂ ಮತ್ತೆ ಒಟ್ಟಿಗೆ ಶುರುವಾಗುವುದು 11,339 ಸೆಕೆಂಡಿನ ನಂತರ, ಹತ್ತಿರ ಹತ್ತಿರ 3 ಗಂಟೆ 9 ನಿಮಿಷಕ್ಕೆ. ಹೊಸಬರು 20, 30, 60 ಎಂದು ಇಡುತ್ತಾರೆ. ಆಗ ನಿಮಿಷಕ್ಕೊಮ್ಮೆ ಮೂರೂ ಕೂಡಿ, ಕಿವಿ ಎಣಿಸಲು ಕೂರುತ್ತದೆ. ಸ್ವರದ ಆರಂಭಕ್ಕೆ ಅರ್ಧ ಸೆಕೆಂಡ್, ಕೊನೆಗೆ ಎರಡು ಸೆಕೆಂಡ್ ಫೇಡ್ (ಸದ್ದು ಮೆಲ್ಲಗೆ ಏರುವುದು, ಇಳಿಯುವುದು) ಕೊಡಿ, ಇಲ್ಲದಿದ್ದರೆ ಪ್ರತಿ ಸಲ ಟಕ್ ಎನ್ನುತ್ತದೆ.

ಗಾಂಧಾರ ಸೇರಿಸುವ ಆಸೆಯಾದರೆ ಹಾರ್ಮೋನಿಯಂನದು ಬೇಡ. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರಕ್ಕಿಂತ ಅದು ತುಸು ಏರು. ಸ್ವರ ಇಷ್ಟು ಹೊತ್ತು ನಿಂತಾಗ ಆ ವ್ಯತ್ಯಾಸ ಮುಳ್ಳಿನಂತೆ ಚುಚ್ಚುತ್ತದೆ. ತಂಬೂರಿಯ ಜೊತೆ ಬಾಯಲ್ಲೇ ಹಾಡಿ ರೆಕಾರ್ಡ್ ಮಾಡಿ.