ಕ್ರಿಸ್‌ಮಸ್‌ಗೆ ಒಂದೇ ಸಿನಿಮಾ ನೋಡೋದಾದ್ರೆ ಯಾವುದು?

ಡಿಸೆಂಬರ್ ಬಂತೆಂದರೆ ಈ ಪ್ರಶ್ನೆ ಶುರು. ಮಕ್ಕಳಿಗೆ ರಜೆ ಹತ್ತಿರ ಬಂತು, ಮನೆಯವರೆಲ್ಲ ಕೂತು ನೋಡೋ ಹಾಗೆ ಒಂದು ಕ್ರಿಸ್‌ಮಸ್ ಸಿನಿಮಾ ಹೇಳಿ, ಪಟ್ಟಿ ಬೇಡ, ಒಂದೇ ಒಂದು ಸಾಕು. ನನ್ನ ಉತ್ತರ ವರ್ಷ ವರ್ಷವೂ ಅದೇ: ‘ಇಟ್ಸ್ ಎ ವಂಡರ್‌ಫುಲ್ ಲೈಫ್’. 1946ರದ್ದು, ಕಪ್ಪು ಬಿಳುಪು ಅಂದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತದೆ. “ಅದರ ಬದಲು ಹೋಮ್ ಅಲೋನ್ ಹಾಕಿದ್ರೆ ಆಗಲ್ವಾ?” ಆಗುತ್ತೆ, ಧಾರಾಳವಾಗಿ ಆಗುತ್ತೆ. ಕಳ್ಳರ ಮುಖಕ್ಕೆ ಬಣ್ಣದ ಡಬ್ಬ ಬಂದು ಬಡಿಯುವಾಗ ನಾನೂ ನಗುತ್ತೇನೆ. ಆದರೆ ಅದರಲ್ಲೇ, ಮಗನನ್ನು ಮನೆಯಲ್ಲಿ ಮರೆತು ಪ್ಯಾರಿಸ್ ಸೇರಿದವರು ಟೀವಿಯಲ್ಲಿ ಫ್ರೆಂಚ್‌ಗೆ ಡಬ್ ಆದ ಹಳೇ ಸಿನಿಮಾವೊಂದನ್ನು ನೋಡುತ್ತಿರುತ್ತಾರಲ್ಲ, ಅದು ಇದೇ!

ತಮಾಷೆಯೆಂದರೆ, ಶುರುವಿನ ಒಂದೆರಡು ನಿಮಿಷ ಬಿಟ್ಟರೆ ಇದರಲ್ಲಿ ಹಬ್ಬ ಬರುವುದು ತೀರಾ ತಡವಾಗಿ. ಅಲ್ಲಿಯವರೆಗೆ ನಡೆಯುವುದೆಲ್ಲ ದುಡ್ಡಿನ ಕಥೆ. ನಾನು ಇದನ್ನೇ ನೋಡಿ ಅನ್ನುವುದಕ್ಕೆ ಕಾರಣವೂ ಅದೇ.

ಜಾರ್ಜ್ ಬೇಲಿ (ಜೇಮ್ಸ್ ಸ್ಟೀವರ್ಟ್) ಬೆಡ್‌ಫರ್ಡ್ ಫಾಲ್ಸ್ ಎಂಬ ಸಣ್ಣ ಊರಿನ ಹುಡುಗ. ಊರು ಬಿಟ್ಟು ಲೋಕ ಸುತ್ತಬೇಕು ಅನ್ನುವ ಆಸೆ. ಅಷ್ಟರಲ್ಲಿ ಅಪ್ಪ ತೀರಿಕೊಂಡು, ಅವರು ನಡೆಸುತ್ತಿದ್ದ ‘ಬಿಲ್ಡಿಂಗ್ ಅಂಡ್ ಲೋನ್’ ಇವನ ಹೆಗಲಿಗೆ ಬೀಳುತ್ತದೆ. ಊರವರ ಉಳಿತಾಯ ಒಟ್ಟುಮಾಡಿ ಊರವರಿಗೇ ಮನೆ ಸಾಲ ಕೊಡುವ ಸಂಸ್ಥೆ. 1905ರಲ್ಲೇ ಗದಗದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇವನ ಮದುವೆಯ ದಿನವೇ ಸಂಸ್ಥೆ ಮುಳುಗುತ್ತದೆ ಅನ್ನುವ ಗಾಳಿಮಾತು ಹಬ್ಬಿ, ಜನ ಬಾಗಿಲಿಗೆ ಮುತ್ತಿಗೆ ಹಾಕುತ್ತಾರೆ. ನಿಮ್ಮ ದುಡ್ಡು ತಿಜೋರಿಯಲ್ಲಿ ಕೂತಿಲ್ಲ, ಪಕ್ಕದವನ ಮನೆಯ ಗೋಡೆಯಾಗಿದೆ ಎಂದು ಜಾರ್ಜ್ ಗೋಗರೆಯುತ್ತಾನೆ. ಹನಿಮೂನಿಗೆಂದು ಇಟ್ಟುಕೊಂಡಿದ್ದ 2,000 ಡಾಲರನ್ನು ಹೆಂಡತಿಯೇ ಎತ್ತಿ ಹಿಡಿಯುತ್ತಾಳೆ. ಮೊದಲು ಬಂದವನು ತನ್ನ 242 ಡಾಲರೂ ಈಗಲೇ ಬೇಕು ಅನ್ನುತ್ತಾನೆ, ಒಂದು ಸೆಂಟೂ ಬಿಡುವುದಿಲ್ಲ. ಮುಂದಿನವರು ಇಪ್ಪತ್ತಕ್ಕೆ ಇಳಿಯುತ್ತಾರೆ. ಆಮೇಲೆ ಒಬ್ಬ ಹೆಂಗಸು ಸಂಕೋಚದಿಂದ ಹದಿನೇಳೂವರೆ ಸಾಕು ಅನ್ನುತ್ತಾಳೆ. ಜಾರ್ಜ್ ಕೌಂಟರಿನಾಚೆ ಬಾಗಿ ಅವಳ ಕೆನ್ನೆಗೆ ಮುತ್ತಿಡುತ್ತಾನೆ. ಸಂಜೆ ಬಾಗಿಲು ಹಾಕುವಾಗ ಉಳಿದಿರುವುದು ಎರಡೇ ಡಾಲರ್. ಬೆಂಗಳೂರಿನಲ್ಲಿ ಸಹಕಾರಿ ಬ್ಯಾಂಕಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತ ಹಿರಿಯರನ್ನು ಕಂಡವರಿಗೆ ಈ ದೃಶ್ಯ ಹಳೇ ಕಾಲದ್ದು ಅನಿಸಲಿಕ್ಕಿಲ್ಲ.

ಖಳನಾಯಕ ಪಾಟರ್, ಊರನ್ನೇ ನುಂಗಲು ಹೊಂಚು ಹಾಕಿರುವ ಸಾಹುಕಾರ. ಕ್ರಿಸ್‌ಮಸ್ ಮುನ್ನಾದಿನ ಸಂಸ್ಥೆಯ 8,000 ಡಾಲರ್ ಅಚಾನಕ್ಕಾಗಿ ಇವನ ಕೈಗೆ ಸಿಗುತ್ತದೆ. ನಮ್ಮ ಸಿನಿಮಾ ಆಗಿದ್ದರೆ ಕ್ಲೈಮ್ಯಾಕ್ಸಿಗೆ ಪೊಲೀಸ್ ಜೀಪು ಬರಲೇಬೇಕಿತ್ತು. ಇಲ್ಲಿ ಪಾಟರ್ ಅಷ್ಟನ್ನೂ ನುಂಗಿ ನೀರು ಕುಡಿಯುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ, ಶಿಕ್ಷೆಯೂ ಇಲ್ಲ. ಹಬ್ಬದ ಸಿನಿಮಾಕ್ಕೆ ಎಷ್ಟು ಧೈರ್ಯ ನೋಡಿ. ಬ್ಯಾಂಕರನ್ನು ಹೀಗೆ ಕೆಟ್ಟವನಾಗಿ ತೋರಿಸುವುದು ಕಮ್ಯುನಿಸ್ಟರ ತಂತ್ರ ಎಂಬ ಅನುಮಾನ 1947ರಲ್ಲಿ ಎಫ್‌ಬಿಐ ಕಡತಕ್ಕೂ ಸೇರಿತ್ತು.

ಇಷ್ಟು ಕಹಿ ಇರುವ ಸಿನಿಮಾ ಹಬ್ಬದ ಸಿನಿಮಾ ಆದದ್ದು ಹೇಗೆ? ಒಂದು ಗುಮಾಸ್ತಗಿರಿಯ ಎಡವಟ್ಟಿನಿಂದ. ಫ್ರಾಂಕ್ ಕಾಪ್ರಾ ಇದನ್ನು ತೆರೆಗೆ ತಂದಾಗ 5 ಆಸ್ಕರ್ ನಾಮನಿರ್ದೇಶನ ಬಂದವು, ಅವುಗಳಲ್ಲಿ ಒಂದೂ ಗೆಲ್ಲಲಿಲ್ಲ. ಹಂಚಿಕೆದಾರ ಆರ್‌ಕೆಒಗೆ 5 ಲಕ್ಷ ಡಾಲರಿಗೂ ಮೇಲ್ಪಟ್ಟು ನಷ್ಟ. ಆಗಿನ ಅಮೆರಿಕದ ಕಾನೂನಿನ ಪ್ರಕಾರ 28 ವರ್ಷಕ್ಕೆ ಹಕ್ಕುಸ್ವಾಮ್ಯ ನವೀಕರಿಸಬೇಕಿತ್ತು. 1974ರಲ್ಲಿ ಆ ಅರ್ಜಿಯನ್ನು ಯಾರೂ ಹಾಕಲಿಲ್ಲ. ಬಿಟ್ಟಿ ಸಿಕ್ಕಿತೆಂದು ಟೀವಿ ಕೇಂದ್ರಗಳು ಡಿಸೆಂಬರ್ ಪೂರ್ತಿ ಇದನ್ನೇ ಹಾಕಿದವು. ಮನೆಮನೆಗಳಲ್ಲಿ ರೂಢಿಯಾಗಿಬಿಟ್ಟಿತು. 1993ರಲ್ಲಿ ಮೂಲ ಕಥೆಯ ಹಕ್ಕನ್ನು ಮುಂದಿಟ್ಟು ಒಂದು ಕಂಪನಿ ಬೀಗ ಹಾಕುವ ಹೊತ್ತಿಗೆ ಅದು ಸಂಪ್ರದಾಯವೇ ಆಗಿತ್ತು. ಸಂಪ್ರದಾಯಗಳಲ್ಲಿ ಅರ್ಧದಷ್ಟು ಹೀಗೇ ಹುಟ್ಟಿರಬೇಕು ಅಂತ ನನ್ನ ಗುಮಾನಿ.

ಮತ್ತೆ ಆ ಹಿಮ. ಶೂಟಿಂಗ್ ನಡೆದದ್ದು 1946ರ ಬೇಸಿಗೆಯ ಸುಡುಬಿಸಿಲಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅದಕ್ಕೆ ಮುಂಚೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸನ್ನು ಹಿಮವೆಂದು ಸುರಿಯುತ್ತಿದ್ದರು. ಕಾಲಿಟ್ಟರೆ ಕರಕರ ಸದ್ದು, ಮಾತನ್ನೆಲ್ಲ ಆಮೇಲೆ ಡಬ್ ಮಾಡಬೇಕು. ಇಲ್ಲಿ ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಬೆರೆಸಿ ದೊಡ್ಡ ಫ್ಯಾನಿನೆದುರು ತೂರಿದರು, ಸದ್ದೇ ಇಲ್ಲ. ಈ ಉಪಾಯಕ್ಕೆ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಹಿಮ ಸುರಿವ ಸೇತುವೆಯ ಮೇಲೆ ಸ್ಟೀವರ್ಟ್ ಮುಖ ಬೆವೆತಿರುವುದನ್ನು ನೋಡಿ. ನಟನೆಯ ಜೊತೆ ಸ್ವಲ್ಪ ಸೆಕೆಯದೂ ಪಾಲಿದೆ.

ಆ ಸೇತುವೆಯಿಂದ ಜಾರ್ಜ್ ಜೀವ ಕಳೆದುಕೊಳ್ಳಲು ಹೊರಟಿರುತ್ತಾನೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ತೀರಾ ಚಿಕ್ಕ ಮಕ್ಕಳಿದ್ದರೆ ಸಂಜೆ ಹೋಮ್ ಅಲೋನ್ ತೋರಿಸಿ ಮಲಗಿಸಿ, ಇದನ್ನು ಆಮೇಲೆ ಹಾಕಿ. ಬಣ್ಣ ಹಚ್ಚಿದ ಪ್ರತಿ ಸಿಕ್ಕರೆ ಮುಟ್ಟಬೇಡಿ, ಸ್ಟೀವರ್ಟ್‌ಗೇ ಅದು ಸಹ್ಯವಾಗಿರಲಿಲ್ಲ. ಜಾರ್ಜ್ ಹುಟ್ಟದೇ ಹೋಗಿದ್ದರೆ ಊರು ಏನಾಗುತ್ತಿತ್ತು ಎಂದು ತೋರಿಸುವ ಭಾಗವನ್ನೇ ಕತ್ತರಿಸಿದ ಇನ್ನೊಂದು ಆವೃತ್ತಿಯೂ ಆನ್‌ಲೈನಿನಲ್ಲಿ ಬಂದಿದೆ. ಪ್ಲೇ ಒತ್ತುವ ಮುಂಚೆ ಅವಧಿ 130 ನಿಮಿಷದ ಆಸುಪಾಸಿನಲ್ಲಿದೆಯೇ ನೋಡಿಕೊಳ್ಳಿ.