ಬೀಮ್ ಖಾಲಿ, ಗುಂಡಿನ ಹತ್ತಿರ ಪಾಳಿ

ಧಾರವಾಡ, ರವಿವಾರ, 16 ಮಾರ್ಚ್ 2025

ಬೆಳಗಿನ ಐದೂವರೆಗೆ ಮೈದಾನಕ್ಕೆ ಬರುವ ಹುಡುಗರನ್ನು ಯಾವ ನೌಕರಿಗೆ ತಯಾರಿ ಅಂತ ಕೇಳಬೇಕಿಲ್ಲ. ಬೀಮ್‌ಗೆ ಜೋತುಬಿದ್ದು ಮೈ ಮೇಲೆಳೆಯುವವನು ಮಿಲಿಟರಿ. ಎಸೆಯಲು 7.26 ಕೆ.ಜಿ. ಗುಂಡು ಹಿಡಿದವನು ಪೊಲೀಸ್ ಕಾನ್‌ಸ್ಟೆಬಲ್, ಇಲ್ಲಿಯವರ ಬಾಯಲ್ಲಿ ‘ಪಿಸಿ’. ಸುತ್ತು ಹೊಡೆಯುತ್ತಲೇ ಇರುವವನು ಎಸ್ಸೆಸ್ಸಿ ಜಿಡಿ, ಅಂದರೆ ಕೇಂದ್ರ ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ನೌಕರಿ. ಅವನಿಗೆ 24 ನಿಮಿಷದಲ್ಲಿ 5 ಕಿ.ಮೀ. ಮುಗಿಯಬೇಕು. ಇವತ್ತು ಗುಂಡಿನ ಹತ್ತಿರ ಪಾಳಿ, ಬೀಮ್ ಖಾಲಿ. ಸೇನೆಗೆ ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುವ ಅಗ್ನಿವೀರ್ ಅರ್ಜಿ ಇದೇ 12ಕ್ಕೆ ತೆರೆದಿದೆ, ಆದರೂ.

ಈಗಿನ ಹುಡುಗರಿಗೆ ದೇಶಪ್ರೇಮ ಇಲ್ಲ ಅನ್ನುವುದು ಐದೂವರೆಗೆ ಏಳದವರ ಮಾತು. ಯೂನಿಫಾರ್ಮ್ ಬೇಡ ಅಂದವರು ಈ ಮೈದಾನದಲ್ಲಿ ಯಾರೂ ಇಲ್ಲ. ಬೇಡವಾಗಿರುವುದು ನಾಲ್ಕು ವರ್ಷದ ಲೆಕ್ಕ.

ಆ ಲೆಕ್ಕ ಮನೆಯಲ್ಲಿ ನಡೆಯುವುದು ಹೀಗೆ. ಮೊದಲ ವರ್ಷ ತಿಂಗಳಿಗೆ 30,000. ಅದರಲ್ಲಿ ಶೇ 30 ಹೊರಬರುವಾಗ ಕೊಡುವ ಸೇವಾ ನಿಧಿಗೆ ಮುರಿದು ಕೈಗೆ 21,000. ನಾಲ್ಕನೇ ವರ್ಷ 40,000, ಕೈಗೆ 28,000. ಮುರಿದಷ್ಟೇ ಹಣವನ್ನು ಸರ್ಕಾರವೂ ಹಾಕುತ್ತದೆ. ಹೊರಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ. 48 ಲಕ್ಷದ ವಿಮೆ ಇದೆ. ಪಿಂಚಣಿ, ಗ್ರ್ಯಾಚುಟಿ ಇಲ್ಲ. ವರ್ಷಕ್ಕೆ ರಜೆ 30 ದಿನ. ಕಾಯಂ ಆಗುವುದು ನೂರಕ್ಕೆ ಹೆಚ್ಚೆಂದರೆ 25 ಮಂದಿ. ಹದಿನೆಂಟಕ್ಕೆ ಹೋದವನು ಇಪ್ಪತ್ತೆರಡಕ್ಕೆ ಬ್ಯಾಗು ಹೊತ್ತು ಮನೆಗೆ ಬಂದಾಗ ಜೊತೆಯವರ ಡಿಗ್ರಿ ಮುಗಿದಿರುತ್ತದೆ. 21,000 ಕಡಿಮೆ ಅಂತ ಯಾವ ಅಪ್ಪನೂ ಅನ್ನುವುದಿಲ್ಲ. ಅವರದು ಒಂದೇ ಪ್ರಶ್ನೆ: ‘ಆಮ್ಯಾಲೆ?’

ಕೇಂದ್ರ ಅರೆಸೇನಾ ಪಡೆಗಳಲ್ಲಿ ಶೇ 10 ಮೀಸಲು ಅಂತ 2022ರಲ್ಲೇ ಹೇಳಿದ್ದಾರೆ. ಆದರೆ ಭೂಸೇನೆಯಲ್ಲಿ ಮೊದಲ ತಂಡದ ತರಬೇತಿ ಶುರುವಾದದ್ದೇ 2023ರ ಜನವರಿಯಲ್ಲಿ. ನಾಲ್ಕು ವರ್ಷ ಮುಗಿಸಿ ಊರಿಗೆ ಬಂದು, ಬೇರೆ ನೌಕರಿ ಹಿಡಿದು, ಕಟ್ಟೆಯ ಮೇಲೆ ಕೂತು ಹೇಳುವವನು ಇನ್ನೂ ಹುಟ್ಟಿಲ್ಲ. ಊರು ನಂಬುವುದು ಅವನನ್ನು, ಪ್ರಕಟಣೆಯನ್ನಲ್ಲ.

ಇನ್ನೊಂದು ಪೆಟ್ಟು ಹಳೆಯದು. ಕೊರೊನಾದಿಂದ ಎರಡು ವರ್ಷ ಬಹಳ ಕಡೆ ಸೇನಾ ನೇಮಕಾತಿಯ ರ್‍ಯಾಲಿ ನಡೆಯಲಿಲ್ಲ. ನಡೆದ ಕಡೆ ಓಟ, ಮೆಡಿಕಲ್ ಎರಡೂ ಪಾಸಾಗಿ ಬರೀ ಲಿಖಿತ ಪರೀಕ್ಷೆಗೆ ಕಾದಿದ್ದವರನ್ನು 2022ರ ಜೂನ್‌ನಲ್ಲಿ ಅಗ್ನಿಪಥ್ ಬಂದಾಗ ಹೊಸದಾಗಿ ಅರ್ಜಿ ಹಾಕಿ ಅಂದರು. ಅಣ್ಣ ಓಡುವುದನ್ನು ನೋಡಿ ತಮ್ಮ ಓಡುತ್ತಿದ್ದ ಸಾಲು ಅಲ್ಲಿ ಕಡಿಯಿತು.

2023ರಿಂದ ಕ್ರಮವೂ ತಿರುಗಿದೆ. ಮೊದಲು ಕಂಪ್ಯೂಟರ್ ಪರೀಕ್ಷೆ, ಮೈದಾನ ಆಮೇಲೆ. ಅಗ್ನಿವೀರ್ ಜಿಡಿಗೆ, ಅಂದರೆ ಸಾಮಾನ್ಯ ಸೈನಿಕ ಹುದ್ದೆಗೆ, ಒಂದು ತಾಸಿನಲ್ಲಿ 50 ಪ್ರಶ್ನೆ, ಒಂದಕ್ಕೆ 2 ಅಂಕ, ತಪ್ಪಿದರೆ ಅರ್ಧ ಅಂಕ ಕಟ್. ಪಾಸಾಗಲು 35 ಸಾಕು, ರ್‍ಯಾಲಿಗೆ ಕರೆ ಬರಲು ಸಾಲದು, ಅಲ್ಲಿ ಮೆರಿಟ್. ಈ ಸಲ ಕನ್ನಡದಲ್ಲೂ ಬರೆಯಬಹುದು, ಅದೊಂದು ಒಳ್ಳೆಯ ಕೆಲಸ. ಆದರೆ ಈ ಕ್ರಮದಿಂದಾಗಿ ‘ರಿಸಲ್ಟ್ ಬಂದಮೇಲೆ ಓಡಿದರಾಯ್ತು’ ಅನ್ನುವ ರೂಢಿ ಬೆಳೆದಿದೆ. ಆಗ ಗಾಬರಿಬಿದ್ದು ದಿನಾ ಡಾಂಬರು ರಸ್ತೆಯ ಮೇಲೆ, ತೆಳು ಅಡಿಯ ಕ್ಯಾನ್ವಾಸ್ ಶೂ ಹಾಕಿ ಓಡುತ್ತಾರೆ. ಮೂರನೇ ವಾರಕ್ಕೆ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನುದ್ದಕ್ಕೂ ನೋವು. ಅದರ ಮೇಲೇ ಓಡಿದರೆ ಎಲುಬು ಸೀಳುವುದೂ ಉಂಟು. ಹನ್ನೆರಡು ವಾರ ಮೊದಲೇ ಮಣ್ಣಿನ ಮೇಲೆ ಶುರು ಮಾಡಬೇಕು. ವಾರಕ್ಕೆ ಮೂರು ದಿನ ನಿಧಾನ, ದೂರ. ಒಂದು ದಿನ 400 ಮೀಟರಿನ ಆರು ಸುತ್ತು, ಒಂದೊಂದೂ 80 ಸೆಕೆಂಡಿಗೆ, ನಡುವೆ ಎರಡು ನಿಮಿಷ ನಡಿಗೆ.

ಸೇನೆಯ ಓಟ 1.6 ಕಿ.ಮೀ., ಅಂದರೆ ನಾಲ್ಕು ಸುತ್ತು. 5 ನಿಮಿಷ 30 ಸೆಕೆಂಡಿಗೆ ಬಂದರೆ 60 ಅಂಕ, 5:45ಕ್ಕೆ 48. ಹೊಸದಾಗಿ 6 ನಿಮಿಷಕ್ಕೆ 36, 6:15ಕ್ಕೆ 24 ಅಂತ ಸಡಿಲಿಸಿದ್ದಾರೆ. ಸೋಲುವುದು ಬಹುಪಾಲು ಮೊದಲ ಸುತ್ತಿನಲ್ಲೇ. ಗುಂಪಿನ ನೂಕಾಟಕ್ಕೆ ಹೆದರಿ 70 ಸೆಕೆಂಡಿಗೆ ಸುತ್ತು ಮುಗಿಸಿದವನಿಗೆ ಮೂರನೆಯದರಲ್ಲಿ ತೊಡೆ ಕಲ್ಲಾಗುತ್ತದೆ, 95 ದಾಟುತ್ತದೆ. 80, 84, 84, 80 ಹೊಡೆದವನು 5:28ಕ್ಕೆ ಗೆರೆ ಮುಟ್ಟುತ್ತಾನೆ. ಅದೇ 1600 ಮೀಟರಿಗೆ ಪಿಸಿಯಲ್ಲಿ ಆರೂವರೆ ನಿಮಿಷ ಕೊಡುತ್ತಾರೆ, ಆಯ್ಕೆಯಾದರೆ ಅರವತ್ತರವರೆಗೆ ನೌಕರಿ. ಪಾಳಿ ಯಾಕೆ ಆ ಕಡೆ ಅಂತ ಬೇರೆ ಹೇಳಬೇಕೆ?

ಬೀಮ್‌ನಲ್ಲಿ ಹತ್ತು ಎಳೆದರೆ 40, ಒಂಬತ್ತಕ್ಕೆ 33, ಆರಕ್ಕೆ ಬರೀ 16. ಅಂಗೈ ಮುಂದಕ್ಕಿರಬೇಕು. ಕೆಳಗೆ ಮೊಣಕೈ ಪೂರ್ತಿ ನೇರವಾಗದೆ, ಮೇಲೆ ಗದ್ದ ಪಟ್ಟಿ ದಾಟದೆ ಎಳೆದದ್ದು ಎಣಿಕೆಗೆ ಸೇರದು. ಜಿಮ್ಮಿನಲ್ಲಿ ಕಾಲು ಝಾಡಿಸಿ ಹದಿನೈದು ಎಳೆಯುವವರು ಇಲ್ಲಿ ಏಳಕ್ಕೆ ನಿಲ್ಲುತ್ತಾರೆ.

ಮೆಡಿಕಲ್‌ನಲ್ಲಿ ಹೋಗುವುದು ಸಣ್ಣದಕ್ಕೆ. ಕಿವಿಯ ಗುಗ್ಗೆ, ಹುಳುಕು ಹಲ್ಲು. ಗಟ್ಟಿ ಹಲ್ಲುಗಳನ್ನು ಎಣಿಸಿ ಪಾಯಿಂಟ್ ಕೊಡುತ್ತಾರೆ, ಕನಿಷ್ಠ 14 ಬೇಕು. ಹಚ್ಚೆ ಮುಂಗೈಯ ಒಳಭಾಗದಲ್ಲೋ ಅಂಗೈಯ ಹಿಂಬದಿಯಲ್ಲೋ ಇದ್ದರೆ ನಡೆಯುತ್ತದೆ, ತೋಳಿನ ಮೇಲೆ ನೆಚ್ಚಿನ ನಟನ ಹೆಸರಿದ್ದರೆ ಇಲ್ಲ. ಅದಕ್ಕೂ ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೂ ಆಧಾರ್ ಹೆಸರೂ ಒಂದೇ ಇದೆಯೇ ನೋಡಬೇಕು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಅಪ್ಪನ ಹೆಸರು ಪೂರ್ತಿ. ತಿದ್ದಿಸಲು ಈಗಲೇ ಹೋಗಬೇಕು, ರ್‍ಯಾಲಿಯ ಹಿಂದಿನ ವಾರವಲ್ಲ. ಅರ್ಜಿ ಶುಲ್ಕ 250 ರೂಪಾಯಿ.

ಏಳೂವರೆಗೆ ಬಿಸಿಲು ಏರಿತು. ಗುಂಡೆಸೆತಕ್ಕೆ 5.60 ಮೀಟರಿನಲ್ಲಿ ಎಳೆದ ಸುಣ್ಣದ ಗೆರೆ ಕಾಲ್ತುಳಿತಕ್ಕೆ ಅಳಿಸಿಹೋಗಿತ್ತು. ಬೀಮ್ ಮೇಲೆ ನಾಲ್ಕು ಟವೆಲ್ ಒಣಗುತ್ತಿದ್ದವು.