ಗಾಜಿನ ಸೆಮಿಸ್ಟರ್

ಕೊನೆಯ ವರ್ಷ ನಮ್ಮ ಪ್ರಾಡಕ್ಟ್ ಡಿಸೈನ್ ಕ್ಲಾಸಿಗೆ ಸಿಕ್ಕ ವಿಷಯ ಗಾಜು. ದಿನಬಳಕೆಯ ವಸ್ತು ಮಾಡಬೇಕು, ಅದು ಒಡೆದರೂ ಮತ್ತೆ ಕರಗಿಸಲು ಬರಬೇಕು. ಷರತ್ತು ಇಷ್ಟೇ.

ಎಲ್ಲರೂ ಗುಜರಿ ಅಂಗಡಿಗೆ ಓಡಿದರು. ಬಿಯರ್ ಬಾಟಲಿ ತಂದು ತೂತು ಕೊರೆದು ದೀಪ ಮಾಡೋಣ ಅಂತ. ಮೇಷ್ಟ್ರು ಕೇಳಿದರು, "ಈ ಬಾಟಲಿ ಫ್ಯಾಕ್ಟರಿಗೆ ಹೋಗಿ, ತೊಳೆದು, ಮತ್ತೆ ತುಂಬಿ ಬರುತ್ತೆ. ನಿಮ್ಮ ದೀಪ ಎಲ್ಲಿಗೆ ಹೋಗುತ್ತೆ?" ಆಮೇಲೆ ಗೋಲಿ ಸೋಡಾ ವಿಷಯ ತೆಗೆದರು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಬೇರೆ ಮುಚ್ಚಳ ಬೇಡ. ಒಳಗಿನ ಗ್ಯಾಸೇ ಗೋಲಿಯನ್ನು ಬಾಯಿಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಕುಡಿದವರು ಬಾಟಲಿ ಅಲ್ಲೇ ಕೊಟ್ಟು ಹೋಗುತ್ತಾರೆ. ನಾವು ಸ್ಲೈಡ್ ಮೇಲೆ ಸ್ಲೈಡ್ ಮಾಡಿ ವಿವರಿಸುತ್ತಿದ್ದುದನ್ನು ಸೋಡಾ ಅಂಗಡಿಯವರು ಸುಮ್ನೆ ಮಾಡಿಕೊಂಡು ಬಂದಿದ್ದರು!

ನಮ್ಮ ಗುಂಪು ಬಾಟಲಿ ಬಿಟ್ಟು, ತಟ್ಟೆ ಮಾಡೋಣ ಅಂತ ಕಿಟಕಿ ಗಾಜು ಕತ್ತರಿಸುವ ಅಂಗಡಿಗೆ ಹೋಯಿತು. ಅಲ್ಲಿ ಉಳಿದ ತುಂಡುಗಳು ರಾಶಿ ಬಿದ್ದಿರುತ್ತವೆ. ಬೇರೆ ಬೇರೆ ಗಾಜು ಸೇರಿಸಿ ಬೆಸೆದರೆ, ಆರುವಾಗ ಒಂದೊಂದು ಒಂದೊಂದು ಪ್ರಮಾಣದಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಒಂದೇ ಶೀಟಿನ ತುಂಡುಗಳಿಗೆ ಈ ತೊಂದರೆ ಇಲ್ಲ. ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಮಾತ್ರ ಬೇಡ. ಕತ್ತರಿಸಲು ಹೋದರೆ ಪುಡಿಪುಡಿ. ಕಿಲ್ನ್ ಎಂಬ ಗೂಡಿನಂಥ ಒಲೆಯಲ್ಲಿ 700 ಡಿಗ್ರಿ ದಾಟಿದ ಮೇಲೆ ಗಾಜು ಮೆತ್ತಗಾಗಿ ಅಚ್ಚಿನೊಳಗೆ ಇಳಿಯುತ್ತದೆ. ಕಷ್ಟ ಶುರುವಾಗುವುದು ಆಮೇಲೆ. 550ರ ಆಸುಪಾಸಿನಲ್ಲಿ ತಡೆದು, ರಾತ್ರಿಯೆಲ್ಲಾ ನಿಧಾನವಾಗಿ ಆರಲು ಬಿಡಬೇಕು. ಬಾಗಿಲು ತೆಗೆದು ಇಣುಕುವ ಚಪಲ ಇದ್ದವರನ್ನು ಕಿಲ್ನ್ ರೂಮಿನ ಅಣ್ಣ ಹೊರಗೇ ನಿಲ್ಲಿಸುತ್ತಿದ್ದರು.

ಜಾಸ್ತಿ ಜಗಳ ಆಗಿದ್ದು ಅಂಚಿಗೆ ಹಿತ್ತಾಳೆ ಪಟ್ಟಿ ಅಂಟಿಸುವ ವಿಷಯಕ್ಕೆ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಲೋಹ, ಅಂಟು ಸೇರಿದರೆ ಅದನ್ನು ಕರಗಿಸಲು ಯಾರು ತಗೊಳ್ತಾರೆ? ಹೊಸ ಗಾಜು ಮಾಡುವ ಕುಲುಮೆಗೆ ಸುಮಾರು 1500 ಡಿಗ್ರಿ ಬೇಕು. ಚೊಕ್ಕ ಒಡಕು ಗಾಜು ಶೇ 10ರಷ್ಟು ಸೇರಿಸಿದರೆ ಶಕ್ತಿಯ ಖರ್ಚು ಶೇ 2.5ರಿಂದ 3ರಷ್ಟು ಕಡಿಮೆಯಾಗುತ್ತದೆ. ಪಟ್ಟಿ ಬೇಡ ಅಂದವರೇ ಗೆದ್ದೆವು. ಪ್ರದರ್ಶನದಲ್ಲಿ ಜನ ನಿಂತಿದ್ದು ಮಾತ್ರ ದೀಪಗಳ ಮುಂದೆ. ನಮ್ಮ ಬೋಳು ತಟ್ಟೆಗಳನ್ನು ಊಟದ ಸ್ಟಾಲಿನವು ಅಂದುಕೊಂಡರೋ ಏನೋ!

ಈಗಿನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಉಳಿದಿದೆ. ನಮ್ಮ ಅಮ್ಮಂದಿರು ಹಾರ್ಲಿಕ್ಸ್ ಬಾಟಲಿಯಲ್ಲಿ ಸಕ್ಕರೆ, ಬೇಳೆ ತುಂಬಿಟ್ಟವರು. ಬಾಟಲಿಗೆ ಏನೂ ಆಗುವುದಿಲ್ಲ, ಹಾಳಾಗುವುದು ಮುಚ್ಚಳ. ಜಾಮ್, ಉಪ್ಪಿನಕಾಯಿ ಬಾಟಲಿಗಳ ಬಾಯಿ ಅಳತೆ ಒಂದೇ ಅಲ್ಲ, ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಹಲವು ಬಾಯಿಗೆ ಹೊಂದುವ ಒಂದು ಮುಚ್ಚಳ ಯಾರಾದರೂ ಮಾಡಿ ನೋಡಿ.